ಮಡಿಕೋಣೆಗೆ ನೆಟ್ ಹಾಯಿಸಿದ್ದು

ಕಂಪ್ಯೂಟರಿನ ಪರದೆಯೊಳಗಿನ ಒಬ್ಬ ಖಾಕಿ ಬಟ್ಟೆಯವನು ಎರಡು ದಿನ ನಮ್ಮ ಮಾವನವರನ್ನು ಅವರದೇ ಮನೆಯಲ್ಲಿ, ಅವರದೇ ಕೋಣೆಯಲ್ಲಿ ಕೂಡಿಹಾಕಿದ್ದ. ಆ ಎರಡು ದಿನವೂ ನಾನು ಬಾಗಿಲ ಹೊರಗೆ ನಿಂತು ಅವರಿಗೆ ನೆಟ್ ಸರಿಮಾಡಿಕೊಡುತ್ತಿದ್ದೆ. ನಿನ್ನ ಮಗನ ಹೆಸರಿನ ಪಾರ್ಸೆಲ್ಲಿನಲ್ಲಿ ಗಾಂಜಾ ಸಿಕ್ಕಿದೆ, ವಿಚಾರಣೆ ಮುಗಿಯುವವರೆಗೆ ನೀನು ಈ ಪರದೆಯ ಮುಂದಿನಿಂದ ಏಳಕೂಡದು, ಯಾರಿಗೂ ಹೇಳಕೂಡದು, ಚಿತ್ರ ಕಡಿದರೆ ಮಗನನ್ನು ಶಾಲೆಯಿಂದಲೇ ಎತ್ತಿಕೊಂಡು ಹೋಗುತ್ತೇವೆ ಎಂದು ಅವನು ಹೇಳಿದ್ದ. ಮಗನೆಂದರೆ ನನ್ನ ಗಂಡ. ಇದೊಂದೂ ನನಗೆ ಆಗ ಗೊತ್ತಿರಲಿಲ್ಲ. ಮಾವನವರು ಪಾರಾಯಣಕ್ಕೆ ಕೂತಿದ್ದಾರೆ, ಮಡಿಯಲ್ಲಿದ್ದಾರೆ, ಯಾರೂ ಒಳಗೆ ಕಾಲಿಡುವಂತಿಲ್ಲ, ನೆಟ್ ಮಾತ್ರ ಹೋಗಕೂಡದು. ನನಗೆ ಗೊತ್ತಿದ್ದದ್ದು ಇಷ್ಟೇ.

ತೆಲುಗು ಸೀಮೆಯ ನಾರಾಯಣಪೇಟೆಯ ನಮ್ಮ ಮನೆಯಲ್ಲಿ ಇರುವವರು ಮೂವರು. ಮಾವನವರು, ನಮ್ಮ ಮನೆಯವರು, ನಾನು. ಅತ್ತೆ ತೀರಿಕೊಂಡು ಕೆಲವು ವರ್ಷವಾಯಿತು. ನಮ್ಮ ಮನೆಯವರು ಮಕ್ತಲದ ಶಾಲೆಯಲ್ಲಿ ಮೇಷ್ಟ್ರು. ಬೆಳಿಗ್ಗೆ ಗಾಡಿ ಹತ್ತಿದರೆ ಸಂಜೆಯೇ ಬರುವುದು. ಮಾವನವರು ತಹಸೀಲ್ ಕಚೇರಿಯಲ್ಲಿ ಪೇಶ್ಕಾರರಾಗಿದ್ದವರು. ಪೇಶ್ಕಾರನೆಂದರೆ ಸಾಹೇಬರ ಮುಂದೆ ಕಾಗದ ಮಂಡಿಸುವವನು, ಹಾಜರಿ ಕೂಗುವವನು, ಮುಂದಿನ ತಾರೀಖು ಹೇಳುವವನು. ನಿವೃತ್ತಿಯಾದರೂ ಫೋನಿನಲ್ಲಿ ಗ್ಯಾಸಿನವನಿಗೂ 'ಜೀ ಸಾಬ್' ಎನ್ನುವುದು ಬಿಟ್ಟಿರಲಿಲ್ಲ. ಹುಕುಂ ಎಂದರೆ ಅವರಿಗೆ ದೇವರ ಪ್ರಸಾದವಿದ್ದಂತೆ, ಎರಡೂ ಕೈಯಲ್ಲಿ ಹಿಡಿಯುವಂಥದ್ದು.

ನಾನು ಗದ್ವಾಲಿನವಳು. ಮದುವೆಗೆ ಮುಂಚೆ ಅಲ್ಲಿ ಒಂದಿಷ್ಟು ದಿನ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದೆ. ಆ ಒಂದಿಷ್ಟು ದಿನದ ಬಲದ ಮೇಲೆ ನಮ್ಮ ಓಣಿಗೆಲ್ಲ ನಾನೇ ಎಂಜಿನಿಯರು. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗೆ. ಯಾರ ಟೀವಿ ಮಾತಾಡದಿದ್ದರೂ ಯಾರ ಫೋನು ತುಂಬಿಹೋದರೂ ನನ್ನ ಹತ್ತಿರ ಬರುತ್ತಾರೆ. ನನಗೂ ಅದು ಬೇಕು. ಬೈಯುತ್ತಲೇ ಮಾಡಿಕೊಡುತ್ತೇನೆ.

ನಮ್ಮ ಕಂಪ್ಯೂಟರ್ ಮಾತ್ರ ನನ್ನ ಮಾತು ಕೇಳುವುದಿಲ್ಲ. ನಮ್ಮ ಮನೆಯವರಿಗೆ ಕೆಲಸ ಸಿಕ್ಕ ಹೊಸದರಲ್ಲಿ ಕೊಂಡದ್ದು. ಅದರ ಡಬ್ಬಿ, ಅಂದರೆ ಸಿಪಿಯು, ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತದೆ. ಗಾಳಿಯಲ್ಲಿ ಬರುವ ನೆಟ್ ಹಿಡಿಯುವ ಶಕ್ತಿ ಅದರ ಹೊಟ್ಟೆಯೊಳಗೆ ಇಲ್ಲ. ಹೆಬ್ಬೆರಳಿನಷ್ಟು ಒಂದು ಡಾಂಗಲ್ ತಂದು ಹಿಂದುಗಡೆ ಚುಚ್ಚಿದ್ದೇವೆ. ಶಾಲೆ ಮುಚ್ಚಿದ್ದ ಕಾಲದಲ್ಲಿ ಇವರು ಮನೆಯಿಂದಲೇ ಪಾಠ ಹೇಳಲು ಒಂದು ಕ್ಯಾಮೆರಾ ತಂದು ಪರದೆಯ ನೆತ್ತಿಗೆ ಸಿಕ್ಕಿಸಿದ್ದರು. ಆ ಕ್ಯಾಮೆರಾ ಅಲ್ಲೇ ಉಳಿದಿತ್ತು.

ಆ ದಿನ ಬೆಳಿಗ್ಗೆ ಮಾವನವರು ಫೋನಿನಲ್ಲಿ ಬಹಳ ಹೊತ್ತು ಮಾತಾಡಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ತಾಯಿ, ಮೂರು ದಿವಸ ಪಾರಾಯಣ ಅದ. ಕಂಪ್ಯೂಟರ್‌ನ್ಯಾಗ ಬರ್ತದ. ನಾ ಮಡೀಲೆ ಕೂಡಬೇಕು. ಯಾರೂ ಒಳಗ ಬರಬ್ಯಾಡ್ರಿ."

"ಕಂಪ್ಯೂಟರ್ ಮುಟ್ಟಿದ್ರ ಮಡಿ ಕೆಡೂದಿಲ್ಲೇನ್ರಿ ಮಾವನೋರ?" ಎಂದೆ. ಇಂಥ ಮಾತಿಗೆ ಅವರು ಯಾವಾಗಲೂ ಒಂದು ಎದುರುಮಾತು ಇಟ್ಟುಕೊಂಡೇ ಇರುತ್ತಾರೆ. ನಮ್ಮಿಬ್ಬರದೂ ಅದೇ ಆಟ. ಅವತ್ತು ನಗಲಿಲ್ಲ. "ಕರೆಂಟಿಗೆ ಮೈಲಿಗಿ ಇಲ್ಲ" ಎಂದಷ್ಟೇ ಹೇಳಿ ಒದ್ದೆ ಬಟ್ಟೆ ತೆಗೆದುಕೊಂಡು ಪರದೆ, ಕೀಲಿಮಣೆ, ವಾಯರು ಎಲ್ಲ ಒರೆಸಿದರು. ನಮ್ಮ ಮನೆಯವರು ಮಕ್ತಲಕ್ಕೆ ಹೊರಡುವ ಮುಂಚೆ ಎಲ್ಲವನ್ನೂ ಎತ್ತಿ ದೇವರಮನೆಯ ಪಕ್ಕದ ಕೋಣೆಗೆ ಇಟ್ಟುಕೊಟ್ಟರು. ಮೇಷ್ಟ್ರು ಆ ಕಡೆ ಹೋದರು, ಮಾವನವರು ಸ್ನಾನ ಮಾಡಿ ಒಳಗೆ ಹೋಗಿ ಬಾಗಿಲು ಮುಂದಕ್ಕೆ ಹಾಕಿಕೊಂಡರು.

ಮೊದಲ ಸಲ ನೆಟ್ ಹೋದಾಗ ನಾನು ಸಾರಿಗೆ ಒಗ್ಗರಣೆ ಕೊಡುತ್ತಿದ್ದೆ.

"ತಾಯೀ, ಹೋಯ್ತು. ಚಿತ್ರ ನಿಂತುಬಿಟ್ಟದ. ಜಲ್ದಿ ನೋಡಮ್ಮಾ."

ಅವರ ದನಿ ನಡುಗುತ್ತಿತ್ತು. ಅತ್ತೆಯನ್ನು ಆಸ್ಪತ್ರೆಗೆ ಒಯ್ದ ದಿನ ಬಿಟ್ಟರೆ ಆ ದನಿ ನಾನು ಕೇಳಿರಲಿಲ್ಲ. ಒಲೆ ಆರಿಸಿ ಪಡಸಾಲೆಗೆ ಓಡಿ ರೂಟರ್ ಬಂದ್ ಮಾಡಿ, ಹತ್ತು ಎಣಿಸುವಷ್ಟು ಹೊತ್ತು ಬಿಟ್ಟು ಮತ್ತೆ ಹಚ್ಚಿದೆ. ಹಸಿರು ದೀಪ ಬಂತು. ಒಳಗಿನಿಂದ "ಬಂತು, ಬಂತು" ಎಂದರು. ಅಷ್ಟರಲ್ಲಿ ಅವರ ಫೋನು ಬಡಿದುಕೊಳ್ಳುತ್ತಿತ್ತು. "ಜೀ ಸಾಬ್. ಮಾಫ್ ಕರನಾ ಸಾಬ್" ಎಂದು ಕ್ಷಮೆ ಬೇಡುವುದು ಕೇಳಿಸಿತು. ಪಾರಾಯಣ ನಡೆಸುವವರು ಇಷ್ಟು ಜೋರು ಮಾಡುತ್ತಾರೆಯೇ ಎಂದು ನನಗೆ ಸಿಟ್ಟು ಬಂತು. ಮಠದವರೋ ಜಮಾದಾರರೋ ಎಂದುಕೊಂಡು ಒಲೆ ಹಚ್ಚಿದೆ.

ಎಲೆ ಹಾಕುವ ಹೊತ್ತಿಗೆ ಮತ್ತೆ ಹೋಯಿತು. ಈ ಸಲ ರೂಟರಿನ ದೀಪ ಹಸಿರಾಗಿಯೇ ಇತ್ತು. ನನ್ನ ಫೋನಿಗೆ ನೆಟ್ ಬರುತ್ತಿತ್ತು, ಕಂಪ್ಯೂಟರಿಗೆ ಮಾತ್ರ ಇಲ್ಲ. ಬಾಗಿಲ ಹೊರಗೆ ನಿಂತು ಹೇಳತೊಡಗಿದೆ. ಕೆಳಗೆ ಬಲಗಡೆ ಗಡಿಯಾರದ ಹತ್ತಿರ ನೋಡ್ರಿ, ಸಣ್ಣ ದೊಡ್ಡ ಗೀಟು ಸಾಲಾಗಿ ಅವೆ, ಅದರ ಮ್ಯಾಲೆ ಒತ್ರಿ. ಹಳದಿ ಗುರುತು ಬಂದದೋ ಕೆಂಪು ಗುರುತೋ? ಅವರು ಉತ್ತರ ಹೇಳುವಷ್ಟರಲ್ಲಿ ಫೋನು ಬರುತ್ತಿತ್ತು, ಮತ್ತೆ ಮಾಫ್ ಕರನಾ. ಹಿಂದಿನ ಡಾಂಗಲ್ ಕಿತ್ತು ಮುಂದಿನ ತೂತಿಗೆ ಹಾಕಲು ಹೇಳಿದೆ. ಡಬ್ಬಿಯ ಬೆನ್ನು ಗೋಡೆಗೆ ಆತುಕೊಂಡಿದ್ದರೆ ಅದಕ್ಕೆ ಗಾಳಿ ಸಿಗುವುದಿಲ್ಲ. ಹಾಕಿದರು. ಸ್ವಲ್ಪ ಹೊತ್ತು ನಡೆಯಿತು.

ಆಮೇಲೆ ಬೇರೆಯೇ ಪೀಕಲಾಟ. ನೆಟ್ ಇದೆ, ಪುಟ ತೆರೆಯುವುದಿಲ್ಲ. ನಾನು ಯೋಚಿಸಿ ಕೇಳಿದೆ: "ಮಾವನೋರ, ಗಡಿಯಾರದ ಕೆಳಗ ತಾರೀಖು ಯಾವುದು ಅದ ನೋಡ್ರಿ." ಓದಿದರು. ಎಷ್ಟೋ ವರ್ಷದ ಹಿಂದಿನ ತಾರೀಖು. ಒಳಗಿನ ಗುಂಡಿ ಬ್ಯಾಟರಿ ಸತ್ತಿದ್ದರೆ ಹಳೆಯ ಕಂಪ್ಯೂಟರು ಕಾಲವನ್ನೇ ಮರೆತುಬಿಡುತ್ತದೆ, ತಾರೀಖು ತಪ್ಪಿದ್ದರೆ ಕೆಲವು ಪುಟ ಬಾಗಿಲೇ ತೆಗೆಯುವುದಿಲ್ಲ. ಇವತ್ತಿನ ತಾರೀಖು ಹಾಕ್ರಿ ಎಂದೆ.



"ತಾರೀಖು ನಾವೇ ತಿದ್ದಿದ್ರ... ತಪ್ಪಾಗೂದಿಲ್ಲೇನಮ್ಮ? ಕೇಸ್ ಮಾಡೂದಿಲ್ಲಲ್ಲ?" ಎಂದರು.

ನನಗೆ ನಗು ಬಂತು. ಕಚೇರಿಯಲ್ಲಿ ತಾರೀಖು ತಿದ್ದುವುದು ಮಹಾಪಾಪ ಎಂದು ಜೀವಮಾನವಿಡೀ ನಂಬಿದವರು, ಈಗಲೂ ಅದೇ ಭಯ ಎಂದುಕೊಂಡೆ. "ಕಂಪ್ಯೂಟರ್ ಮ್ಯಾಲೆ ಯಾರು ಕೇಸ್ ಮಾಡ್ತಾರ್ರಿ, ತಿದ್ರಿ" ಎಂದೆ.

ಮಧ್ಯಾಹ್ನ ನೆಟ್ಟಿನ ಕಂಪನಿಗೆ ಫೋನು ಹಚ್ಚಿದೆ. ಆ ಹುಡುಗಿ ತೆಲುಗಿನಲ್ಲಿ ಅಕ್ಕ ಅಕ್ಕ ಎಂದು ಸವಿಯಾಗಿ ಮಾತಾಡಿ, ನಮ್ಮ ಕಡೆಯಿಂದ ಎಲ್ಲ ಸರಿಯಿದೆ, ತೊಂದರೆ ನಿಮ್ಮ ಸಿಸ್ಟಮ್ಮಿನದು ಎಂದಳು. ಎಲ್ಲರೂ ಹೇಳುವುದು ಅದನ್ನೇ. ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು. ಆದರೂ ಬಿಡುವ ಜಾತಿಯಲ್ಲ ನಾನು. ಹೊರಗೇ ಕೂತು ಮಾವನವರನ್ನು ಕೇಳಿ ಕೇಳಿ ಗುರುತಿಸಿದೆ: ಅವರು ಮೌಸನ್ನು ಆಡಿಸುತ್ತಿದ್ದಾಗ ನೆಟ್ ಇರುತ್ತದೆ, ಕೈಕಟ್ಟಿ ಕೂತರೆ ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಅಂದರೆ ಕರೆಂಟು ಉಳಿಸಲು ಕಂಪ್ಯೂಟರೇ ಡಾಂಗಲನ್ನು ಮಲಗಿಸುತ್ತಿದೆ. ಅದಕ್ಕೊಂದು ಸಣ್ಣ ಚೌಕದ ಗುರುತಿದೆ, ಅದನ್ನು ತೆಗೆಯಬೇಕು. ಎಲ್ಲಿ ಒತ್ತಬೇಕು, ಯಾವ ಪಟ್ಟಿ ಇಳಿಸಬೇಕು ಎಂದು ಬಾಗಿಲ ಸಂದಿಗೆ ಬಾಯಿಟ್ಟು ಹೇಳಿಕೊಟ್ಟೆ. ಮಾವನವರು ಮಗುವಿನ ಹಾಗೆ ಒಂದೊಂದನ್ನೇ ಮಾಡಿದರು.

ಅಲ್ಲಿಂದ ಸಂಜೆಯವರೆಗೂ ನೆಟ್ ಅಲುಗಲಿಲ್ಲ. ನನಗೆ ಹೆಮ್ಮೆಯೋ ಹೆಮ್ಮೆ. "ಹ್ಯಾಂಗ ಮಾಡೀನಿ ನೋಡ್ರಿ" ಎಂದು ಸಂಜೆ ಮನೆಗೆ ಬಂದ ಗಂಡನ ಮುಂದೆ ಜಂಬ ಕೊಚ್ಚಿದೆ. ನಮ್ಮ ಮನೆಯವರು ಬಾಗಿಲ ಹತ್ತಿರ ಹೋಗಿ "ಅಪ್ಪಾ, ಊಟ ಆತೇನು?" ಎಂದು ಕೇಳಿದರು. "ಆತಪ್ಪ. ನೀ ಆರಾಮ ಇದ್ದೀಯಲ್ಲ? ಸಾಲೀ ಹತ್ರ ಯಾರಾದರೂ ಬಂದಿದ್ರೇನು?" ಎಂಬ ಮರುಪ್ರಶ್ನೆ ಬಂತು. "ಯಾರು ಬರ್ತಾರಪ್ಪ" ಎಂದು ಇವರು ನಕ್ಕರು. ಹೊಸ್ತಿಲಲ್ಲಿ ಇಟ್ಟುಬಂದಿದ್ದ ಎಲೆಯ ಮೇಲಿನ ಅನ್ನ ಅರ್ಧಕ್ಕರ್ಧ ಹಾಗೇ ಇದ್ದದ್ದನ್ನು ನಾನು ಗೋವಿನ ಪಾತ್ರೆಗೆ ಸುರಿದೆ. ವ್ರತವಿರಬೇಕು ಎಂದುಕೊಂಡೆ. ರಾತ್ರಿ ಆ ಕೋಣೆಯ ದೀಪ ಆರಲಿಲ್ಲ.

ಮರುದಿನ ಬೆಳಿಗ್ಗೆ ಇವರು ಮಕ್ತಲಕ್ಕೆ ಹೋದ ಮೇಲೆ ಮತ್ತೆ ಶುರು. ಈ ಸಲ ಚಿತ್ರ ಹೋಗುವುದಲ್ಲ, ಬಿಟ್ಟು ಬಿಟ್ಟು ಬರುವುದು. ಮೊದಲು ನನ್ನ ಅನುಮಾನ ಓಣಿಯ ಹುಡುಗರ ಮೇಲೆ ಹೋಯಿತು. ನಮ್ಮ ಪಾಸ್‌ವರ್ಡ್ ಕದ್ದು ನೆಟ್ ಹೀರುತ್ತಿದ್ದಾರೆಂದು ಅದನ್ನು ಬದಲಾಯಿಸಿದೆ. ಹೊಸದನ್ನು ಮಾವನವರಿಗೆ ಅಕ್ಷರ ಅಕ್ಷರ ಕೂಗಿ ಹೇಳಿದೆ. ಅವರ ಆತುರಕ್ಕೆ ನನ್ನ ಫೋನಿಗೆ ಹೊಸ ಪಾಸ್‌ವರ್ಡ್ ಹಾಕಿಕೊಳ್ಳುವುದನ್ನೇ ಮರೆತೆ. ಅದರಿಂದ ಆಮೇಲೆ ನನ್ನ ಜೀವ ಹೋಗುವುದೊಂದು ಬಾಕಿಯಾಯಿತು.

ಪಾಸ್‌ವರ್ಡ್ ಬದಲಿಸಿದರೂ ಗುಣವಿಲ್ಲ. ಆಗ ಹೊಳೆಯಿತು: ಪಡಸಾಲೆಗೂ ಆ ಕೋಣೆಗೂ ನಡುವೆ ಎರಡು ಮೊಳ ದಪ್ಪದ ಕಲ್ಲುಗೋಡೆ, ಗೋಡೆಗೆ ಒರಗಿಸಿ ಮಡಿನೀರಿನ ತಾಮ್ರದ ಹಂಡೆ. ಕಲ್ಲು, ತಾಮ್ರ, ತುಂಬಿದ ನೀರು. ಇಷ್ಟನ್ನು ದಾಟಿ ಯಾವ ನೆಟ್ ಒಳಗೆ ಹೋದೀತು? ಮಡಿಹಂಡೆಯನ್ನು ನಾನು ಮೈಲಿಗೆಯಲ್ಲಿ ಸರಿಸುವಂತಿಲ್ಲ. ಗಾಳಿಯ ಸಹವಾಸವೇ ಸಾಕು, ವಾಯರ್ ಎಳೆದುಬಿಡೋಣ ಎಂದು ಎದುರುಮನೆಗೆ ಹೋದೆ. ಅವರು ಕಿರಾಣಿ ವ್ಯಾಪಾರದವರು, ಲಿಂಗಾಯತರು. ಆ ಮನೆಯ ಅಕ್ಕನಿಗೆ ನನ್ನನ್ನು ಕಾಡಿಸದಿದ್ದರೆ ಚಹಾ ರುಚಿಸುವುದಿಲ್ಲ.

"ನೆಟ್ಟಿನ ಉದ್ದ ವಾಯರ್ ಐತೇನಕ್ಕಾ ನಿಮ್ಮಲ್ಲಿ?"

"ಐತಿ ತಗೋರಿ. ಅಂಗಡ್ಯಾಗಿಂದು, ಸುಮ್ಮನೆ ಬಿದ್ದೈತಿ. ಏನ್ರಿ, ನಿಮ್ಮ ಮಾವ ಸ್ವರ್ಗಕ್ಕ ವಾಯರ್ ಹಾಕಾಕ ಹೊಂಟಾರೇನು? ನಿನ್ನಿಯಿಂದ ಮನಿ ಮುಂದಿನ ಕಟ್ಟಿಗೆ ಬಂದೇ ಇಲ್ಲ."

"ಪಾರಾಯಣ ಕೇಳಾಕ ಕುಂತಾರ್ರಿ. ಮಡಿ."

"ಕಂಪ್ಯೂಟರಿನ್ಯಾಗ ಬರೋ ದೇವರಿಗೂ ಮಡಿ ಬೇಕ?" ಎಂದು ನಕ್ಕು ವಾಯರಿನ ಸುರುಳಿ ಕೈಗೆ ಕೊಟ್ಟಳು. ಅವಳ ಮನೆಯಲ್ಲಿ ಅವಳ 'ಐತಿ'ಯ ಮಾತೇ ನನ್ನ ಬಾಯಿಗೂ ಬಂದುಬಿಡುತ್ತದೆ.

ವಾಯರಿನ ಒಂದು ತುದಿ ರೂಟರಿಗೆ ಹಾಕಿ ಇನ್ನೊಂದನ್ನು ಹೊಸ್ತಿಲವರೆಗೆ ಎಳೆದು ತಂದೆ. ಡಬ್ಬಿಯ ಬೆನ್ನಿಗೆ ಇದನ್ನು ಚುಚ್ಚಿಕೊಳ್ರಿ ಎಂದು ಸಂದಿಯಿಂದ ಒಳಗೆ ನೂಕಿದೆ. ಅವರಿಂದ ಆಗಲಿಲ್ಲ. ಕಣ್ಣು ಕಾಣುವುದಿಲ್ಲ, ತೂತು ಸಿಗುವುದಿಲ್ಲ, ಫೋನು ಬೇರೆ ನಿಲ್ಲದೆ ಬಡಿದುಕೊಳ್ಳುತ್ತಿದೆ. "ಆಗವಲ್ದು ತಾಯಿ, ಆಗವಲ್ದು" ಎಂದು ಅಳುವಂತೆ ಹೇಳಿದರು. ಒಳಗೆ ಬರಲೇ ಎಂದರೆ "ಬ್ಯಾಡ! ಮಡಿ ಕೆಡ್ತದ" ಎಂದು ಗದರಿದರು.

ಇದೆಂಥ ಪುಣ್ಯ, ಮನುಷ್ಯನನ್ನು ಹೀಗೆ ಹಣ್ಣು ಮಾಡುವಂಥದ್ದು? ಮಡಿಯೇ ಅಡ್ಡವಾದರೆ ನಾನೂ ಮಡಿಯಾಗುತ್ತೇನೆ ಎಂದುಕೊಂಡು ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡೆ. ಒದ್ದೆ ಸೀರೆ ಉಟ್ಟು, ಕೂದಲು ಗಂಟು ಹಾಕಿ, ಹನಿ ಉದುರಿಸುತ್ತ ಬಂದೆ. ಒದ್ದೆ ಮೈಯಲ್ಲಿ ಕರೆಂಟಿನ ಹತ್ತಿರ ಹೋಗಬಾರದೆಂದು ಕ್ಲಾಸಿನಲ್ಲಿ ಕಲಿಸಿದ್ದರು. ಮಡಿಯಿಲ್ಲದೆ ಹೋಗಬಾರದೆಂದು ಈ ಮನೆ ಕಲಿಸಿತ್ತು. ಕೈಯನ್ನಷ್ಟು ಮಡಿವಸ್ತ್ರಕ್ಕೆ ಒರೆಸಿಕೊಂಡು "ಮಡೀಲೆ ಬಂದೀನ್ರಿ ಮಾವನೋರ" ಎಂದು ಬಾಗಿಲು ದೂಡಿದೆ. ಇದಕ್ಕೆ ಬೇಡ ಎನ್ನಲು ಅವರಲ್ಲಿ ಶಾಸ್ತ್ರವಿರಲಿಲ್ಲ.

ಮಾವನವರು ಕೋಟು ತೊಟ್ಟುಕೊಂಡಿದ್ದರು.

ಕಚೇರಿಗೆ ತೊಡುತ್ತಿದ್ದ ಕರಿಯ ಕೋಟು, ಕತ್ತಿನವರೆಗೆ ಗುಂಡಿ. ಮಡಿಯಲ್ಲಿರುವವರು ಹೊಲಿದ ಬಟ್ಟೆ ಮೈಗೆ ತಾಕಿಸುವುದಿಲ್ಲ. ನಮ್ಮ ಮನೆಯಲ್ಲಿ ಇದು ಹೇಳಿಕೊಡುವ ಮಾತೇ ಅಲ್ಲ, ಉಸಿರಾಡುವಷ್ಟು ಸಹಜ. ಈ ಮನುಷ್ಯ ಜ್ವರದಲ್ಲೂ ಪಂಚೆಯೊಂದನ್ನೇ ಸುತ್ತಿಕೊಂಡು ಸಂಧ್ಯಾವಂದನೆ ಮಾಡಿದವರು. ಮಡಿ ಇಲ್ಲ. ಮಡಿ ಇಲ್ಲವೆಂದರೆ ಪಾರಾಯಣವೂ ಇಲ್ಲ. ಹಾಗಾದರೆ ಇದೇನು?

ಪರದೆಯ ಕಡೆ ನೋಡಿದೆ. ಖಾಕಿ ಅಂಗಿ, ಹೆಗಲ ಮೇಲೆ ನಕ್ಷತ್ರ, ಬೆನ್ನ ಹಿಂದೆ ಬಾವುಟ, ಗೋಡೆಯಲ್ಲಿ ಯಾವುದೋ ಲಾಂಛನ. ಮಾವನವರು ಕುರ್ಚಿ ಬಿಟ್ಟು ನಿಂತೇ ಇದ್ದರು, ಕೈಜೋಡಿಸಿಕೊಂಡು.

"ಕೌನ್ ಹೈ ವೋ ಔರತ್?" ಯಾರು ಆ ಹೆಂಗಸು ಎಂದು ಪರದೆ ಕೇಳಿತು.

"ಬಹೂ ಹೈ ಸಾಬ್. ಅವಳಿಗೆ... ಉಸ್ಕೋ ಕುಛ್ ನಹೀ ಮಾಲೂಮ್ ಸಾಬ್."

ಸೊಸೆಗೆ ಏನೂ ಗೊತ್ತಿಲ್ಲ ಎಂದು ಬೇಡಿಕೊಳ್ಳುತ್ತಿದ್ದರು. ಅವಳನ್ನು ಕ್ಯಾಮೆರಾ ಮುಂದೆ ನಿಲ್ಲಿಸು, ಅವಳ ಹೆಸರೂ ಬರೆದುಕೊಳ್ಳುತ್ತೇನೆ, ಅವಳ ಗಂಡನ ಜೊತೆ ಅವಳೂ ಒಳಗೆ ಹೋಗುತ್ತಾಳೆ ಎಂದು ಅವನು ಹಿಂದಿಯಲ್ಲಿ ಒದರಿದ. ಸುಳ್ಳು ಹೇಳುವುದಿಲ್ಲ, ನಾನೂ ಹೆದರಿದೆ. ಪರದೆಯಲ್ಲಿ ಪೊಲೀಸರ ವೇಷದಲ್ಲಿ ಬಂದು ಹೆದರಿಸುವ ಕಳ್ಳರ ಸುದ್ದಿಯನ್ನು ನಾನು ಪೇಪರಿನಲ್ಲಿ ಓದಿದ್ದೆ, ಓಣಿಗೆಲ್ಲ ಓದಿ ಹೇಳಿ ಎಚ್ಚರಿಸಿದವಳೂ ನಾನೇ. ಆದರೂ ಆ ಖಾಕಿ ಕಂಡು, ಒದ್ದೆ ಸೆರಗನ್ನು ಎರಡೂ ಭುಜಕ್ಕೆ ಹೊದ್ದುಕೊಂಡೆ. ಅವನು ನಿಜವಿರಬಹುದು ಎಂದು ಒಂದು ಗಳಿಗೆ ನಂಬಿಯೂ ಬಿಟ್ಟೆ.

ಅಷ್ಟರಲ್ಲಿ ಅವನು ಮಾವನವರಿಗೆ "ಬೈಠ್, ಬುಡ್ಡೇ" ಎಂದ. ಕೂತುಕೋ ಮುದುಕ ಎಂದು. ಮಾವನವರು ಕೂತರು.

ನನಗೆ ಬೆಂಕಿ ಹೊತ್ತಿತು. ಬಗ್ಗಿ ಡಾಂಗಲನ್ನು ಕಿತ್ತೆ.

ಪರದೆಯವನು ಬಾಯಿ ತೆರೆದವನು ಹಾಗೇ ನಿಂತುಬಿಟ್ಟ. ಮಾವನವರು ನನ್ನ ಮುಷ್ಟಿ ಹಿಡಿದು ಬಿಡಿಸತೊಡಗಿದರು. ನನ್ನನ್ನು ಎಂದೂ ಮುಟ್ಟಿದವರಲ್ಲ. ಅವರ ಉಗುರು ನನ್ನ ಕೈಗೆ ಚುಚ್ಚಿತು.

"ಹಾಕಮ್ಮಾ. ಕೈಮುಗೀತೀನಿ ಹಾಕು. ಸಾಲೀ ಮುಂದ ಇಬ್ಬರು ನಿಂತಾರಂತ. ಚಿತ್ರ ಹೋದ್ರ ಅವನ್ನ ಎತ್ತಿಕೊಂಡು ಹೋಗ್ತಾರಂತ. ನಿನ್ನ ಗಂಡನ್ನಮ್ಮಾ."

"ಕಳ್ಳರು ಅವರು ಮಾವನೋರ. ಬರೇ ಸುಳ್ಳು. ಈಗ ನಿಮ್ಮೆದುರಿಗೇ ನಿಮ್ಮ ಮಗಗ ಫೋನ್ ಹಚ್ತೀನಿ ನೋಡ್ರಿ."

ಹಚ್ಚಿದೆ. ಸ್ವಿಚ್ ಆಫೋ, ಸಿಗ್ನಲ್ ಇಲ್ಲವೋ, ಆ ಯಂತ್ರದ ಹೆಂಗಸು ತೆಲುಗಿನಲ್ಲಿ ಏನೋ ಹೇಳಿ ಇಟ್ಟಳು. ಮತ್ತೆ ಹಚ್ಚಿದೆ. ಅದೇ. ಮಾವನವರು ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಫೋನು ಮಂಚದ ಮೇಲೆ ಬೋರಲಾಗಿ ಬಿದ್ದು ಗುರ್ರ್ ಗುರ್ರ್ ಎಂದು ತಿರುಗುತ್ತಿತ್ತು. ಅದನ್ನು ತೆಗೆದುಕೊಳ್ಳಲು ಅವರು ಹೋದರು, ನಾನು ಮುಂಚೆ ಹೋಗಿ ಎತ್ತಿ ಬಂದ್ ಮಾಡಿದೆ. ಅವರು ನೆಲದ ಮೇಲೆ ಕುಸಿದು ಕೂತರು.

ಸದ್ದು ಕೇಳಿ ಎದುರುಮನೆಯ ಅಕ್ಕ ಬಂದಳು. ಅವಳು ಸೀದಾ ಒಳಗೆ ಬಂದು ಮಾವನವರ ಬೆನ್ನಿಗೆ ಕೈಯಿಟ್ಟು ಕೂತಳು. ನಾನು ಮಾಳಿಗೆಗೆ ಓಡಿದೆ, ಅಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆ. ಇವರ ಫೋನು ಅಲ್ಲಿಯೂ ಹತ್ತಲಿಲ್ಲ. ಶಾಲೆಯ ಹೆಡ್‌ಮಾಸ್ತರರಿಗೆ ಹಚ್ಚಿದೆ.

"ಸರ್ ಇಲ್ಲಮ್ಮ. ಮಧ್ಯಾಹ್ನದ ರಜಾ ಹಾಕ್ಯಾರ. ಯಾರೋ ಇಬ್ಬರು ಬಂದಿದ್ರು, ಅವರ ಗಾಡ್ಯಾಗ ಗದ್ವಾಲ್ ಕಡೀಗೆ ಹೋದ್ರು."

ಬಿಸಿಲಿಗೆ ಕಾದಿದ್ದ ಗಚ್ಚಿನ ಮೇಲೆ ನಾನು ಒದ್ದೆ ಸೀರೆಯಲ್ಲಿ ನಿಂತಿದ್ದೆ. ಇಬ್ಬರು. ಯಾರೋ ಇಬ್ಬರು. ಮುಷ್ಟಿಯಲ್ಲಿದ್ದ ಡಾಂಗಲ್ ಇನ್ನೂ ಬೆಚ್ಚಗಿತ್ತು. ಈಗಲೇ ಕೆಳಗೆ ಓಡಿ ಅದನ್ನು ಮತ್ತೆ ಚುಚ್ಚಿಬಿಡಲೇ ಎನಿಸಿತು. ಚುಚ್ಚಿ ಆ ಖಾಕಿಯವನ ಮುಂದೆ ನಾನೂ ಕೈಮುಗಿದು ನಿಂತುಬಿಡಲೇ, ತಪ್ಪಾಯಿತು, ಗಂಡನನ್ನು ಬಿಡು ಎಂದು. ಓದಿದವಳು, ತಿಳಿದವಳು, ಪೇಪರ್ ಓದಿ ಹೇಳಿದವಳು, ಮೂರು ಮೆಟ್ಟಿಲು ಇಳಿದೂ ಬಿಟ್ಟಿದ್ದೆ. ಭಯಕ್ಕೆ ಓದು ಬರಹ ಗೊತ್ತಿರುವುದಿಲ್ಲ.

ಮೆಟ್ಟಿಲ ಮೇಲೆಯೇ ಕೂತು ಸಾವರಿಸಿಕೊಂಡೆ. ಇವರು ಎಲ್ಲಿಗಾದರೂ ಹೋಗುವಾಗ ನನಗೆ ಹೇಳದೆ ಹೋಗುವವರಲ್ಲ. ಹೇಳಿದ್ದರೆ ವಾಟ್ಸ್ಯಾಪಿನಲ್ಲಿ ಹೇಳಿರಬೇಕು. ನನ್ನ ಫೋನಿಗೆ ಮನೆಯ ನೆಟ್ ಬಿಟ್ಟರೆ ಬೇರೆ ನೆಟ್ ಇಲ್ಲ, ಬೆಳಿಗ್ಗೆಯೇ ನಾನು ಪಾಸ್‌ವರ್ಡ್ ಬದಲಾಯಿಸಿ ನನ್ನನ್ನೇ ಹೊರಗೆ ಹಾಕಿಕೊಂಡಿದ್ದೇನೆ. ಪಡಸಾಲೆಗೆ ಇಳಿದು ರೂಟರಿನ ಕೆಳಗೆ ನಿಂತು ಹೊಸ ಪಾಸ್‌ವರ್ಡ್ ಒತ್ತಿದೆ. ತಪ್ಪು ಎಂದಿತು. ಆತುರಕ್ಕೆ ಇನ್ನೊಂದು ಅಕ್ಷರ ಬಿದ್ದಿತ್ತು. ಮತ್ತೆ ಒತ್ತಿದೆ, ಮತ್ತೆ ತಪ್ಪು. ಕುಲದೇವರನ್ನು ನೆನೆದು ಒಂದೊಂದೇ ಅಕ್ಷರ ಬಾಯಿಬಿಟ್ಟು ಹೇಳಿಕೊಳ್ಳುತ್ತ ಒತ್ತಿದೆ.

ಸಂದೇಶಗಳು ಟಣ್ ಟಣ್ ಎಂದು ಬಿದ್ದವು. ಅವುಗಳ ನಡುವೆ ಇವರದು: ಹಳೆಯ ಗೆಳೆಯರಿಬ್ಬರು ಬಂದಿದ್ದಾರೆ, ಗದ್ವಾಲಿನಲ್ಲಿ ನಮಗೆ ಕಲಿಸಿದ ಮುದಿ ಮೇಷ್ಟ್ರಿಗೆ ಆಪರೇಷನ್ ಆಗಿದೆ, ನೋಡಿಕೊಂಡು ಬರುತ್ತೇನೆ, ದಾರಿಯಲ್ಲಿ ಸಿಗ್ನಲ್ ಸಿಗುವುದಿಲ್ಲ, ಊಟಕ್ಕೆ ಕಾಯಬೇಡ.

ನಾನು ಅಲ್ಲೇ ಗೋಡೆಗೆ ಒರಗಿ ಅತ್ತೆ. ಅತ್ತು ಮುಗಿಸಿ ಒಳಗೆ ಹೋಗಿ ಮಾವನವರಿಗೆ ಅದನ್ನು ಓದಿ ಹೇಳಿದೆ.

"ಅವರೇ ಬರೆಸಿರಬೇಕು" ಎಂದರು.

"ಆಪರೇಷನ್ ಆದದ್ದು ಅವರಿಗೆ ಹ್ಯಾಂಗ ಗೊತ್ತಾಗ್ತದ್ರಿ?"

"ಅವರಿಗೆ ಎಲ್ಲಾ ಗೊತ್ತದ. ನಿನ್ನ ತವರುಮನಿ ಗದ್ವಾಲ ಅಂಬೋದೂ ಗೊತ್ತಿತ್ತು." ಎದುರುಮನೆಯ ಅಕ್ಕ ಏನೋ ತಮಾಷೆ ಹೇಳಲು ಬಾಯಿ ತೆರೆದವಳು ಮುಖ ನೋಡಿ ಅವರ ಬೆನ್ನು ಸವರಿದಳು.

ಇಳಿಹೊತ್ತಿಗೆ ಗದ್ವಾಲಿನಿಂದ ಇವರೇ ಫೋನು ಮಾಡಿದರು. ನಾನು ಎರಡೇ ಮಾತಿನಲ್ಲಿ ಹೇಳಿ ಮಾವನವರ ಕಿವಿಗೆ ಹಿಡಿದೆ. ಅವರು ಮಗನಿಗೆ ಕೇಳಿದ್ದು ಒಂದೇ: ಬಾಜೂಕ ಯಾರು ಅದಾರ, ನಿನ್ನ ಹೊಡದ್ರೇನು? ಸಂಜೆ ಮಗ ಬಾಗಿಲಲ್ಲಿ ಬಂದು ನಿಂತ ಮೇಲೆ, ಅವರ ತೋಳು, ಬೆನ್ನು, ಮುಖ ಮುಟ್ಟಿ ಮುಟ್ಟಿ ನೋಡಿದ ಮೇಲೆ, ಒಂದು ಲೋಟ ನೀರು ಕುಡಿದರು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹೇಳಿದರು. ಫೋನು ಬಂದದ್ದು, ಇಡೀ ಕೋಣೆ ಕಾಣಬೇಕು, ದೊಡ್ಡ ಪರದೆ ಬೇಕು ಎಂದದ್ದು, ಸಾಹೇಬರ ಮುಂದೆ ಹೇಗೆ ಬರಬೇಕೋ ಹಾಗೆ ಬಾ ಎಂದಾಗ ತಾವೇ ಕೋಟು ಹುಡುಕಿ ತೊಟ್ಟದ್ದು. ಯಾರೂ ಒಳಗೆ ಬರದ ಹಾಗೆ ಏನಾದರೂ ಹೇಳು ಎಂದಿದ್ದರಂತೆ. ಮಡಿ ಎನ್ನುವುದು ಮಾವನವರದೇ ಆಲೋಚನೆ. ಪಾಪ, ಅವರಿಗೆ ಹೇಳಲು ಬರುವ ಸುಳ್ಳು ಅದೊಂದೇ ಇರಬೇಕು. ಬ್ಯಾಂಕಿನ ಮಾತು ಮೂರನೆಯ ದಿನಕ್ಕೆ ಇಟ್ಟಿದ್ದರು, ಅದು ಬರುವ ಮುಂಚೆಯೇ ಮುಗಿಯಿತು.

ಇವರು ಪೇಪರ್ ತೋರಿಸಿ, ಫೋನಿನಲ್ಲಿ ಅಂಥದ್ದೇ ಸುದ್ದಿ ತೋರಿಸಿ ತಿಳಿಹೇಳಿದರು. ಮಾವನವರು ಕೇಳುತ್ತ ಹೋದರು, ತಲೆಯಾಡಿಸಿದರು. "ಎಂಥಾ ಸೂಳೇಮಕ್ಕಳಪ್ಪ" ಎಂದು ಬೈದೂ ಬಿಟ್ಟರು. ಅವರ ಬಾಯಲ್ಲಿ ಆ ಮಾತು ಕೇಳಿ ನಮಗೆ ಸಮಾಧಾನವಾಯಿತು. ರಾತ್ರಿ ಎರಡು ಸಲ ಅನ್ನ ಹಾಕಿಸಿಕೊಂಡರು. "ನೀ ರಿಪೇರಿ ಮಾಡಿದ್ದು ಭಾಳ ಛಲೋ ಇತ್ತು, ಕಳ್ಳರೂ ಹೊಗಳಿದ್ರು" ಎಂದು ನನ್ನನ್ನು ಕಾಡಿಸಿದರು. ಭಯ ಬಿಟ್ಟಿತು ಎಂದುಕೊಂಡೆವು.

ಮರುದಿನ ಬೆಳಿಗ್ಗೆ ಮೂವರೂ ದೂರು ಕೊಡಲು ಠಾಣೆಗೆ ಹೋದೆವು. ದಾರಿಯುದ್ದಕ್ಕೂ ಮಾವನವರು ಗೆಲುವಾಗಿಯೇ ಮಾತಾಡಿದರು, ಮಗ್ಗದ ಓಣಿಯಲ್ಲಿ ಪರಿಚಯದವರಿಗೆ ಕೈಯೆತ್ತಿದರು. ಠಾಣೆಯಲ್ಲಿ ಮೇಜಿನ ಹಿಂದೆ ಕೂತಿದ್ದವನು ನಮ್ಮ ಮನೆಯವರಿಗಿಂತ ಚಿಕ್ಕವನು, ಮೃದು ದನಿಯವನು. ಕುರ್ಚಿ ಎಳೆದುಕೊಟ್ಟು "ಏಮಯಿಂದಿ ಪೆದ್ದಾಯನಾ? ಕೂರ್ಚೋಂಡಿ" ಎಂದ. ಏನಾಯಿತು ಹಿರಿಯರೇ, ಕೂತುಕೊಳ್ಳಿ ಎಂದು. ಅವನು ಖಾಕಿ ತೊಟ್ಟಿದ್ದ.

ಮಾವನವರು ಕೂರಲಿಲ್ಲ. ಕೈಜೋಡಿಸಿದರು.

"ಹುಜೂರ್, ಆ ಗಾಂಜಾದ ಪಾರ್ಸೆಲ್ ನಂದರೀ" ಎಂದರು. "ನಾನೇ ತರಿಸಿದ್ದು. ನನ್ನ ಮಗಗ ಏನೂ ಗೊತ್ತಿಲ್ಲ. ನನ್ನ ಇಟ್ಕೊಳ್ರಿ."

ಬರೆಯಲು ಕಾಗದ ತೆಗೆದುಕೊಂಡಿದ್ದ ಆ ಹುಡುಗ ನಮ್ಮ ಮುಖ ನೋಡಿದ. ನಮ್ಮ ಮನೆಯವರು "ಅಪ್ಪಾ" ಎಂದು ಮುಂದೆ ಬಂದರು. ಮಾವನವರು ಮಗನ ಕಡೆ ತಿರುಗಲಿಲ್ಲ. ಒಂದು ಕೈಯನ್ನು ಮಾತ್ರ ಬೆನ್ನ ಹಿಂದೆ ತಂದು, ಬರಬೇಡ, ಮನೆಗೆ ಹೋಗು, ಮನೆಗೆ ಹೋಗು ಎಂದು ಸನ್ನೆ ಮಾಡುತ್ತಿದ್ದರು.